ಅರಿಶಿನ ದಾರ ಕಟ್ಟಿದ ಕಂಟೇನರ್

ಢಮಾರ್!

ಲಾರಿಯ ಸೈಡ್ ಮಿರರ್ ಚೂರಾಯಿತು.

"ವರದರಾಜ, ಟೈರ್ ಒಡೀತಾ?" ಪಕ್ಕದಲ್ಲಿದ್ದ ಲೀಲಾ ಆಂಟಿ ಕೇಳಿದರು.

"ಗುಂಡು, ಆಂಟಿ! ತಲೆ ಬಗ್ಗಿಸಿ!"

ಹಿಂದೆ ಬಿಳಿ ವ್ಯಾನ್. ಆಂಟಿಯ ಊರು ಡೈಮಂಡ್ ಬಾರ್ ಬಿಟ್ಟಾಗಿನಿಂದ ಬೆನ್ನು ಹತ್ತಿತ್ತು.

ಬಂದರಿನಲ್ಲಿ ಸಿಕ್ಕಿಬಿದ್ದ ಸರಕು ಬಿಡಿಸುವುದು ನನ್ನ ಕಸುಬು. ಗುಂಡು ತಿನ್ನುವುದಲ್ಲ. ಆದರೆ ಈ ಕಂಟೇನರಿನ ತುಂಬ ಕಡಲೆಕಾಯಿ ಪೇಸ್ಟ್ ಇತ್ತು. ಹಸಿದು ಕಡ್ಡಿಯಾದ ಮಕ್ಕಳಿಗೆ ಅದೇ ಊಟ, ಅದೇ ಔಷಧ. ಸೊಮಾಲಿಯಾದಲ್ಲಿ ಮಳೆ ಬರುತ್ತಿಲ್ಲ, ಯುದ್ಧ ನಿಲ್ಲುತ್ತಿಲ್ಲ. ಇದನ್ನು ಕಳಿಸುತ್ತಿರುವ ಆಂಟಿ ರಿಟೈರ್ಡ್ ಮಕ್ಕಳ ಡಾಕ್ಟರ್. ಅವರ ಶಿಷ್ಯೆ ಅರುಂಧತಿ ಅಲ್ಲಿನ ಶಿಬಿರದಲ್ಲಿದ್ದಾಳೆ.

ಹಡಗು ಸಂಜೆಗೆ ಹೊರಡುತ್ತದೆ. ಮುಂದಿನದು ಬರುವ ತಿಂಗಳು!

"ಇನ್ನೊಂದು ತಿಂಗಳು ತಡ ಆದ್ರೆ ತೂಕ ಹಾಕೋಕೆ ಮಕ್ಕಳೇ ಇರಲ್ಲ ಅಂದ್ಲು ಕಣೋ ಅರುಂಧತಿ..."

ಬಂದರಿನ ಊರು ಸ್ಯಾನ್ ಪೀಡ್ರೊ ಬಂತು. ಗೋದಾಮುಗಳ ಸಂದಿಗೆ ಲಾರಿ ನುಗ್ಗಿಸಿದೆ. ವ್ಯಾನ್ ಮುಂದೆ ಹೋಯಿತು. ಇಳಿದು ಕಂಟೇನರಿನ ಬಾಗಿಲು ನೋಡಿದೆ.



ಬಾಗಿಲಿಗೆ ಜಡಿದಿದ್ದ ನಂಬರಿನ ಸೀಲ್ ಇಲ್ಲ! ಅದರ ಜಾಗದಲ್ಲಿ ಅರಿಶಿನ ದಾರ, ಒಂದು ಚೆಂಡುಹೂವು.

"ಏನಿದು ಆಂಟಿ?"

"ಪೂಜೆ ಕಣಪ್ಪ. ಒಳಗೊಂದು ಗಣಪತಿ ಫೋಟೊ ಇಡ್ದೆ ಹಡಗು ಹತ್ತಿಸ್ತಾರಾ? ಆ ಬೋಲ್ಟ್ ಅಡ್ಡ ಇತ್ತು. ನನ್ನ ಮಗ ಶ್ರೀಕರ್ ಕಟ್ ಮಾಡ್ದ."

"ಅದೇ ಸೀಲ್! ನಂಬರ್ ಕಾಗದದಲ್ಲಿದೆ. ಅದಿಲ್ದೆ ಗೇಟಲ್ಲೇ ತಡೀತಾರೆ!"

ಆಂಟಿ ಬಿಳಿಚಿಕೊಂಡರು. "ಅಯ್ಯೋ... ಆ ಮಕ್ಕಳನ್ನ ನಾನೇ ಕೊಂದ್ನಾ?"

ಕಿರ್‌ರ್...! ಬ್ರೇಕ್ ಸದ್ದು. ವ್ಯಾನ್ ವಾಪಸ್ ಬಂದಿತ್ತು! ಅದರಲ್ಲಿದ್ದ ಒಬ್ಬನೇ ದಾಂಡಿಗ ಇಳಿದ. ಬಲಗೈಯಲ್ಲಿ ಪಿಸ್ತೂಲು.

"ಬಾಗಿಲು ತೆಗಿ!"

ಅವನ ಎಡಗೈಯಲ್ಲಿ ಹೊಚ್ಚಹೊಸ ಸೀಲ್!

ಈ ಕಳ್ಳರ ಪದ್ಧತಿ ನನಗೆ ಗೊತ್ತು. ಸರಕು ಇಳಿಸಿಕೊಂಡು, ಮೊದಲೇ ಕಾಗದದಿಂದ ಕದ್ದ ಅದೇ ನಂಬರಿನ ನಕಲಿ ಸೀಲ್ ಜಡಿದು, ಖಾಲಿ ಡಬ್ಬವನ್ನು ಹಡಗಿಗೆ ಕಳಿಸುತ್ತಾರೆ. ಕಳವು ಗೊತ್ತಾಗುವುದು ಸಮುದ್ರ ದಾಟಿದ ಮೇಲೆ.

ದಾರ ಕಿತ್ತು ಬಾಗಿಲು ಸರಿಸಿದೆ. "ಹತ್ರ ಬಂದು ನೋಡ್ಕೊ. ಎಲ್ಲಾ ಇದೆ."

ಬಂದ. ಕಬ್ಬಿಣದ ಬಾಗಿಲನ್ನು ಅವನ ಮುಖಕ್ಕೆ ಬೀಸಿದೆ.

ಧಡಾರ್!

ಆಂಟಿ ಪಿಸ್ತೂಲನ್ನು ಲಾರಿಯಡಿಗೆ ಒದ್ದರು. ಆಮೇಲೆ ಅವನ ನಾಡಿ ಹಿಡಿದರು!

"ಮೂಗು ಮುರಿದಿದೆ ಅಷ್ಟೆ. ಎತ್ತಿ ಕೂರಿಸು, ರಕ್ತ ಗಂಟಲಿಗೆ ಇಳಿಯತ್ತೆ."

"ನಮ್ಮನ್ನ ಕೊಲ್ತಿದ್ದ, ಆಂಟಿ!"

"ಅದಕ್ಕೆ ಕೈ ಕಟ್ಟು. ಮೊದಲು ಕೂರಿಸು."

ಕೂರಿಸಿದೆ. ಅವನ ವ್ಯಾನಿಗೇ ಕಟ್ಟಿದೆ. ಸೀಲ್ ಎತ್ತಿ ನೋಡಿದೆ. ಅದೇ ನಂಬರ್! ಬಾಗಿಲಿಗೆ ಜಡಿದೆ.

ಕ್ಲಿಕ್.

ಬಂದರಿನ ಗೇಟಿನವನು ಸೀಲ್ ನೋಡಿದ. ಕಾಗದ ನೋಡಿದ. ಒಡೆದ ಮಿರರ್ ನೋಡಿದ... ಆಂಟಿ ನನ್ನ ತೋಳು ಹಿಂಡುತ್ತಿದ್ದರು.

"ಹೋಗು."

ಆಮೇಲೆ ಪೊಲೀಸರಿಗೆ ಫೋನ್ ಮಾಡಿ, ನಕಲಿ ಸೀಲ್ ಸಮೇತ ಎಲ್ಲ ಸತ್ಯವನ್ನೂ ಹೇಳಿದೆ.

ಹಡಗು ಕಣ್ಮರೆಯಾಗುವವರೆಗೆ ಕಾದು!