ಬಂಡೆಯಿಂದ ಕಿತ್ತ ಮೊಳೆ

"ಭಾವ, ಆ ಮೊಳೆಗೆ ಮಾತ್ರ ಕೈ ಹಾಕಬೇಡಿ," ಎಂದ ಹೆಂಡತಿಯ ತಮ್ಮ. "ಯಾವಳೋ ಮಾಟಗಾತಿ ನದಿಯ ಹಸಿವನ್ನ ಅದರಲ್ಲಿ ಕಟ್ಟಿಹಾಕಿದಾಳೆ. ಕಿತ್ತವರ ಮನೆಗೇ ನದಿ ಬರುತ್ತೆ."

"ಬರಲಿ ಬಿಡು. ಬೋರ್ ಹಾಕಿಸೋ ತಾಪತ್ರಯ ತಪ್ಪುತ್ತೆ," ಎಂದು ಹೋಟೆಲ್ ಮಾಲೀಕ ನಕ್ಕ.

ಕಣಿವೆಯ ಅಂಚಿನಲ್ಲಿ ಹೋಟೆಲ್ ತೆರೆದು ತಿಂಗಳೂ ಆಗಿರಲಿಲ್ಲ. ಅಷ್ಟರಲ್ಲೇ ಅವನ ಪಾಲಿಗೆ ಕಣಿವೆ ತನ್ನ ಹಿತ್ತಿಲು, ಊರಿನವರು ಹೆಡ್ಡರು, ಭಾವಮೈದುನ ಆ ಹೆಡ್ಡರ ಮುಖಂಡ. ಬಂಡೆಯಲ್ಲಿದ್ದ ಮೊಳೆಗೆ ಕೂದಲು ಸುತ್ತಿತ್ತು. ಕೊಳೆತ ಮೀನಿನ ನಾತ. ಮೂಗು ಮುಚ್ಚಿಕೊಂಡೇ ಸುತ್ತಿಗೆಯ ಹಿಂಬದಿಯಿಂದ ಮೀಟಿ ಕಿತ್ತ. ಮೂಢರಿಗೆ ಇದೇ ಮದ್ದು ಎಂದು ಹಜಾರದ ಗೋಡೆಗೆ ಹೊಡೆದು, ಅದಕ್ಕೆ ಮಗಳ ಫೋಟೊ ತೂಗುಹಾಕಿದ.

ಮಧ್ಯಾಹ್ನ ಹೊರಗೆ ಸುಡುಬಿಸಿಲು. ಹಜಾರ ಮಾತ್ರ ಕಪ್ಪಾಗುತ್ತ ಬಂತು. ಗೋಡೆಯೊಳಗೆ ಗುಳುಗುಳು ಸದ್ದು. ಪೈಪ್ ಒಡೆದಿರಬೇಕೆಂದು ಪ್ಲಂಬರನಿಗೆ ಬೈಯುತ್ತ ಕಿವಿಯಿಟ್ಟ. ಆಮೇಲೆ ನೆನಪಾಯಿತು, ಆ ಗೋಡೆಯಲ್ಲಿ ಪೈಪೇ ಇರಲಿಲ್ಲ. ಫೋಟೊದ ಗಾಜು ಒಳಗಿನಿಂದ ಮಬ್ಬಾಗಿತ್ತು. ಚಿತ್ರದಲ್ಲಿ ಮಗಳ ಕೂದಲು ಒದ್ದೆ. ನೀರು ಅವಳ ಗಲ್ಲ ಮುಟ್ಟಿತ್ತು.

ಮಹಡಿಯಿಂದ ಹೆಂಡತಿಯ ದನಿ: "ಬೇಗ ಬನ್ರೀ, ಮಗು ನೀರು ಕಾರ್ತಾ ಇದೆ."

ಮೊಳೆ ಕಿತ್ತ. ಓಡಿದ. ಬಂಡೆಯ ತೂತು ಮುಚ್ಚಿಹೋಗಿತ್ತು. ಹೊಡೆದ. ಕಲ್ಲು ಕಚ್ಚಲಿಲ್ಲ. ಮರಕ್ಕೆ ಹೊಡೆದ. ಜಾರಿತು.

"ಅದಕ್ಕೆ ರುಚಿ ಹತ್ತಿದೆ," ಹಿಂದೆಯೇ ಓಡಿಬಂದ ಭಾವಮೈದುನ ಏದುಸಿರು ಬಿಟ್ಟ. "ಇನ್ನು ಕಲ್ಲಲ್ಲಿ ನಿಲ್ಲಲ್ಲ, ಭಾವ."

"ಮತ್ತೆಲ್ಲಿ ನಿಲ್ಲುತ್ತೆ?"

ಭಾವಮೈದುನ ಭಾವನ ಕೈಗಳನ್ನೇ ನೋಡಿದ.

ಮಾಲೀಕ ಎಡ ಅಂಗೈಯನ್ನು ಬಂಡೆಯ ಮೇಲಿಟ್ಟ. ಸುತ್ತಿಗೆ ಎತ್ತಿದ.

ಮಗಳು ಉಳಿದಳು. ಮೊಳೆಯೂ ಉಳಿಯಿತು, ಅಂಗೈಯಲ್ಲೇ. ಅಂದಿನಿಂದ ಅವನು ಕಣ್ಣು ಮುಚ್ಚಿದಾಗಲೆಲ್ಲ ಮುಳುಗುತ್ತಾನೆ; ಬಾಯ್ತುಂಬ ಕೆಸರು ತುಂಬಿಕೊಂಡು ಏಳುತ್ತಾನೆ. ಅತಿಥಿಗಳು ಕೇಳಿದರೆ ನಡೆದದ್ದನ್ನು ಹೇಳಿ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಳ್ಳುತ್ತಾನೆ.

ಮೊನ್ನೆ ಬಂದವನು ಕತೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನ ಹೆಗಲ ಮೇಲೆ ಒಂದು ಮಗು ನಿದ್ದೆಹೋಗಿತ್ತು.

"ಈ ಕಾಲದಲ್ಲೂ ಮಾಟಗೀಟ ಅಂತೀರಲ್ಲ ಸ್ವಾಮಿ. ಕೊಡಿ ಕೈ, ನಾನೇ ಕಿತ್ತು ಬಿಸಾಕ್ತೀನಿ."

ಅದೇ ನಗು. ಮಾಲೀಕನಿಗೆ ಅದರ ಪರಿಚಯ ಚೆನ್ನಾಗಿತ್ತು. ಅವನು ಮಗುವನ್ನು ಒಮ್ಮೆ ನೋಡಿದ.

"ಬೇಡ ಅಂತ ಹೇಳಬೇಕು ನಾನು," ಎಂದ. "ಹೇಳಿದೀನಿ."

ಕೈ ಮುಂದೆ ಚಾಚಿದ.