ಬಾಳೆದಿಂಡಿಗೆ ಮೊಗ್ಗಿನ ಜಡೆ

"ಯಾರ್ರೀ ಇಲ್ಲಿ ಚಲುವರಾಜು ಅನ್ನೋರು?"

ಮದ್ದೂರಿನ ಪೇಟೆ ಬೀದಿಯಲ್ಲಿ ಫ್ಲೆಕ್ಸು, ಲಗ್ನಪತ್ರಿಕೆ, ವೆಬ್‌ಸೈಟು ಎಲ್ಲವನ್ನೂ ಮಾಡಿಕೊಡುವ ಆ ಕಿರಿದಾದ ಅಂಗಡಿಯ ಬಾಗಿಲಲ್ಲಿ ನಿಂತಿದ್ದಳು ನಾಗಮಣಿ. ಒಂದು ಕೈಯಲ್ಲಿ ಮೊಬೈಲು, ಇನ್ನೊಂದರಲ್ಲಿ ಒದ್ದೆ ಬಟ್ಟೆ ಮುಚ್ಚಿದ ಬುಟ್ಟಿ. ಬಸ್‌ಸ್ಟ್ಯಾಂಡಿನಿಂದ ಒಂದೇ ಉಸಿರಿಗೆ ನಡೆದು ಬಂದಿದ್ದಳು. ಕೆನ್ನೆ ಕೆಂಪಾಗಿತ್ತು.

ಕಂಪ್ಯೂಟರಿನ ಹಿಂದಿನಿಂದ ಕೆದರಿದ ತಲೆಯೊಂದು ಮೇಲೆದ್ದಿತು.

"ನಾನೇ... ಹೇಳಿ ಮೇಡಂ."

"ಏನ್ರೀ ಇದು?" ಮೊಬೈಲನ್ನು ಅವನ ಮೂಗಿಗೆ ತಾಗುವಂತೆ ಹಿಡಿದಳು.

"ಓ, ಕಿರುಗಾವಲಿನೋರಾ? 'ಚಿಕ್ಕಮಾದಮ್ಮನ ಜಡೆ', ನಿಮ್ಮದೇ ವೆಬ್‌ಸೈಟು. ಫೋನಲ್ಲಿ ಹೇಳಿದ್ರಲ್ಲ. ಚೆನ್ನಾಗಿ ಬಂದಿಲ್ವಾ?"

"ಚೆನ್ನಾಗೇ ಐತೆ! ಆದ್ರೆ ಈ ಫೋಟೋದಲ್ಲಿರೋ ಜಡೆ ನಮ್ದಲ್ಲ. ಪ್ಲಾಸ್ಟಿಕ್ ಹೂವು ಕಣ್ರೀ ಅದು!"

"ನೆಟ್ಟಲ್ಲಿ ಸಿಕ್ತು, ಸದ್ಯಕ್ಕೆ ಇರ್ಲಿ ಅಂತ ಹಾಕ್ದೆ. ಹೂವು ಹೂವೇ ಅಲ್ವಾ ಮೇಡಂ... ಯಾರಿಗೆ ಗೊತ್ತಾಗುತ್ತೆ?"

ಅಷ್ಟು ಸಾಕಾಯಿತು! ನಾಗಮಣಿ ಬುಟ್ಟಿಯ ಬಟ್ಟೆ ಸರಿಸಿದಳು. ಮದ್ದೂರಿನ ಮದುವೆ ಮನೆಗೆಂದು ಕಟ್ಟಿ ತಂದಿದ್ದ ಜಡೆ. ಬಾಳೆಪಟ್ಟೆಯ ಮೇಲೆ ಒತ್ತೊತ್ತಾಗಿ ಹೊಲಿದ ಮಲ್ಲಿಗೆ ಮೊಗ್ಗು, ನಡುನಡುವೆ ಕನಕಾಂಬರದ ಕೆಂಪು.

"ಮುಟ್ಟಿ."

ಚಲುವರಾಜು ಬೆರಳ ತುದಿಯಿಂದ ಮುಟ್ಟಿದ. ತಣ್ಣಗಿತ್ತು.

"ಬೆಳಗ್ಗೆ ಇವು ಬಳ್ಳಿ ಮೇಲಿದ್ವು. ಸಂಜೆಗೆ ಅರಳ್ತವೆ. ಅರಳೋದ್ರೊಳಗೆ ಹೆಣ್ಣಿನ ತಲೆ ಮೇಲಿರ್ಬೇಕು. ಈಗ ಹೇಳಿ... ಹೂವು ಹೂವೇನಾ?"

ಅವನು ಜಡೆಯನ್ನು ನೋಡಿದ. ಆಮೇಲೆ ಅವಳನ್ನು ನೋಡಿದ.

"ಅಲ್ಲ," ಎಂದ ಮೆಲ್ಲಗೆ. "ತಪ್ಪಾಯ್ತು. ಫೋಟೋ ತೆಗೆಯೋಕೆ ನಾನೇ ಬರ್ತೀನಿ."

ಜಗಳಕ್ಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಅವಳ ಬಾಯಲ್ಲೇ ಉಳಿದುಬಿಟ್ಟಿತು. 'ಇಷ್ಟು ಬೇಗ ಸೋತರೆ ಜಗಳ ಆಡೋದಾದರೂ ಹೇಗೆ?' ಎಂದುಕೊಂಡಳು. ಹಿಂತಿರುಗುವ ಬಸ್ಸಿನಲ್ಲಿ ತಾನು ಕಿಟಕಿಯಾಚೆಯ ಕಬ್ಬಿನ ಗದ್ದೆ ನೋಡಿಕೊಂಡು ನಗುತ್ತಿದ್ದೇನೆಂದು ಅವಳಿಗೆ ಗೊತ್ತೇ ಆಗಲಿಲ್ಲ.

---

ಅವನು ಹೇಳಿದಂತೆ ಬಂದ. ಕಿರುಗಾವಲಿನ ಆ ಮನೆಯ ಹಿತ್ತಲಿಗೆ ಇನ್ನೂ ಎಳೆಬಿಸಿಲು ಇಳಿಯುತ್ತಿತ್ತು. ಹಿತ್ತಲ ನಡುವೆ, ಹಸಿರು ಸೀರೆ ಉಟ್ಟು ಯಾರೋ ಬೆನ್ನು ಹಾಕಿ ನಿಂತಿದ್ದರು.

"ನಮಸ್ಕಾರ ಅಮ್ಮ," ಎಂದ ಚಲುವರಾಜು.

ಹಿತ್ತಲ ಜಗಲಿಯ ಮೇಲಿಂದ ಕಿಲಕಿಲ ನಗು ಕೇಳಿತು. "ಅದು ಬಾಳೆದಿಂಡು ಕಣಪ್ಪ! ಮಾತಾಡಾಕಿಲ್ಲ!"

ನಕ್ಕವರು ಚಿಕ್ಕಮಾದಮ್ಮ, ನಾಗಮಣಿಯ ಅಜ್ಜಿ. ಕಿರುಗಾವಲಿನಿಂದ ಚಿಕ್ಕರಸಿನಕೆರೆಯವರೆಗೆ ಈ ಸೀಮೆಯ ಎಷ್ಟೋ ಮದುವಣಗಿತ್ತಿಯರ ಬೆನ್ನ ಮೇಲೆ ಇಳಿದದ್ದು ಆಕೆ ಕಟ್ಟಿದ ಜಡೆಯೇ. ಈಗ ಕಣ್ಣು ಮಂಜು. ಆಕೆ ಹೇಳುತ್ತಾಳೆ, ಮೊಮ್ಮಗಳು ಕಟ್ಟುತ್ತಾಳೆ.

"ದಿಂಡಿಗೆ ಯಾಕಜ್ಜಿ ಸೀರೆ?"

"ಕಟ್ಟಿದ್ ಜಡೆ ಇಳಿಬಿಟ್ರೆ ಎಂಗೆ ಕಾಣ್ತದೆ ಅಂತ ನೋಡಬ್ಯಾಡ್ವಾ? ಅದುಕ್ಕೆ ಈಯಮ್ಮ."

"ಇವ್ರೇ ಮುಡ್ಕೊಂಡು ನೋಡಬಹುದಲ್ವಾ?" ಎಂದು ನಾಗಮಣಿಯತ್ತ ಕೈ ತೋರಿಸಿದ.

ಅಜ್ಜಿಯ ಮುಖ ಗಂಭೀರವಾಯಿತು. "ಬ್ಯಾಡ ಬ್ಯಾಡ. ಜಡೆ ಕಟ್ಟೋಳು ತಾನೇ ಮುಡ್ಕಬಾರ್ದು. ಅವಳ ಮದ್ವೇಲಿ ಇನ್ನೊಬ್ರು ಕಟ್ಬೇಕು, ಕಟ್ದೋರೇ ಮುಡಿಸ್ಬೇಕು. ನಂಗೆ ನಮ್ಮವ್ವ ಕಟ್ಟಿದ್ಲು."

"ಹಾಗಾದ್ರೆ ಇವ್ರಿಗೆ...?"

"ನಂಗೆ ಸೂಜಿ ಕಣ್ಣೇ ಕಾಣಾಕಿಲ್ವಲ್ಲ ಮಗ..." ಅಜ್ಜಿಯ ದನಿ ಇಳಿಯಿತು.

"ಸಾಕು ಬುಡಜ್ಜಿ," ಎಂದು ನಾಗಮಣಿ ಮೊಗ್ಗಿನ ಮೊರದ ಮೇಲೆ ಬಾಗಿದಳು. ಊರಿನ ಹೆಣ್ಣುಮಕ್ಕಳಿಗೆಲ್ಲ ಜಡೆ ಕಟ್ಟುವ ತನಗೆ ಕಟ್ಟುವವರೇ ಇಲ್ಲ ಎಂಬ ಆ ಸಣ್ಣ ನೋವನ್ನು ಅವಳು ಯಾರ ಮುಂದೆಯೂ ಆಡಿದವಳಲ್ಲ. ಅದನ್ನು ಈ ಹೊಸಬ ಬಂದ ಗಳಿಗೆಯಲ್ಲೇ ಮುಟ್ಟಿಬಿಟ್ಟಿದ್ದ!

"ಇನ್ನೊಂದು ಮಾತು," ಎಂದಳು ಅಜ್ಜಿ. "ಮದ್ವೆ ಆಗ್ದಿರೋ ಎಣ್ಣು ಇವ್ಳು. ಮಕ ಮಾತ್ರ ಆಕಬ್ಯಾಡ."

ಅವನು ಮುಖ ತೆಗೆಯಲಿಲ್ಲ. ಬೆರಳು ತೆಗೆದ. ಸೂಜಿಗೆ ದಾರ ಪೋಣಿಸುವಾಗ ಅವಳು ತುಟಿ ಕಚ್ಚುವುದನ್ನು ಕ್ಯಾಮೆರಾ ಇಲ್ಲದೆಯೇ ನೋಡಿದ.

---

ಆಮೇಲೆ ಶುರುವಾಯಿತು ನೋಡಿ ಈ ವೆಬ್‌ಸೈಟಿನ ಕಾಯಿಲೆ! ಒಂದು ವಾರ ಫೋಟೋದ ಸೈಜು ಸರಿಯಿಲ್ಲ. ಇನ್ನೊಂದು ವಾರ ಸೀಮಂತದ ಜಡೆಗೆ ಬೇರೆ ಪುಟ ಬೇಕು. ಮತ್ತೊಂದು ವಾರ ಪುಟವೇ ತೆರೆಯುತ್ತಿಲ್ಲ. ಪ್ರತಿ ಸಲವೂ ಚಲುವರಾಜು ಮಳವಳ್ಳಿಯಲ್ಲಿ ಬಸ್ಸು ಬದಲಾಯಿಸಿ ಕಿರುಗಾವಲಿಗೆ ಬಂದಿಳಿಯುತ್ತಿದ್ದ.

"ಅಲ್ಲಾ ಕಣ್ರೀ, ಇದನ್ನ ಮದ್ದೂರಲ್ಲೇ ಕುಂತು ಮಾಡಕ್ಕಾಗಲ್ವಾ?" ಎಂದು ಒಮ್ಮೆ ಕೇಳಿಯೇಬಿಟ್ಟಳು.

"ಆಗುತ್ತೆ," ಎಂದ. "ಆದ್ರೆ ಸರಿಯಾಗಿ ಆಗಲ್ಲ."

ಅವಳು ತಲೆ ತಗ್ಗಿಸಿ ನಕ್ಕಳು. 'ಅಯ್ಯೋ, ನಕ್ಕಿದ್ದು ಕಾಣ್ತಾ?' ಕಂಡಿತ್ತು.

ಅವಳು ಕಟ್ಟುವಾಗ ಅಜ್ಜಿ ಕತೆ ಹೇಳುತ್ತಿದ್ದಳು. ಅವುಗಳಲ್ಲಿ ಒಂದು ನಾಗಮಣಿಗೆ ಚಿಕ್ಕಂದಿನಿಂದಲೂ ಇಷ್ಟ. ರಾಜನ ಮಗಳು ತನ್ನ ಸಖಿಯರ ಜೊತೆ ಬೆನ್ನು ತಿರುಗಿಸಿ ನಿಲ್ಲುತ್ತಾಳಂತೆ. ಎಲ್ಲರಿಗೂ ಒಂದೇ ಸೀರೆ, ಒಂದೇ ಜಡೆ. ಮುಖ ನೋಡದೆ ಯಾರು ತನ್ನ ಗುರುತು ಹಿಡಿಯುತ್ತಾರೋ ಅವರಿಗೇ ಮಾಲೆ.

"ಗುರುತು ಎಂಗಜ್ಜಿ ಹಿಡ್ದ?" ಎಂದು ಪುಟ್ಟವಳಿದ್ದಾಗ ಕೇಳುತ್ತಿದ್ದಳು.

"ಹಿಡಿಯೋನು ಹಿಡಿತಾನೆ ಕಣವ್ವ. ಅದ್ಕೆಲ್ಲ ಕಾರಣ ಇರಾಕಿಲ್ಲ."

ಈಗ ಅದೇ ಕತೆ ಕೇಳುವಾಗ ಯಾಕೋ ಅವಳ ಸೂಜಿ ತಪ್ಪುತ್ತಿತ್ತು...

---

ಮದುವೆಯ ಕಾಲ ಬಂತು. ಒಂದು ಬೆಳಗ್ಗೆ ನಾಗಮಣಿಗೆ ಉಸಿರಾಡಲೂ ಬಿಡುವಿಲ್ಲ. ಎರಡು ಜಡೆ ಮುಗಿಯಬೇಕು. ಚಲುವರಾಜು ಮೊಬೈಲು ಮುಂದೆ ಹಿಡಿದು, "ಮುಖಪುಟಕ್ಕೆ ಈ ಫೋಟೋ ಹಾಕ್ಲಾ? ಮುಖ ಕಾಣಲ್ಲ," ಎಂದ. ಬಾಯಲ್ಲಿ ದಾರ ಕಚ್ಚಿಕೊಂಡಿದ್ದ ಅವಳು ನೋಡದೆಯೇ ತಲೆ ಆಡಿಸಿದಳು.

ಮರುದಿನ ಮೊದಲು ಫೋನು ಮಾಡಿದ್ದು ಮಳವಳ್ಳಿಯ ಮುದ್ದಮ್ಮತ್ತೆ.

"ಏನಮ್ಮಿ ಮಣಿ, ಸೋದರತ್ತೆಗೂ ಒಂದ್ ಮಾತು ಯೋಳ್ದೆ ಮದ್ವೆ ಆಗೋದಾ? ಗಂಡು ಎಲ್ಲಿಯೋನು?"

"ಯಾರ್ ಮದ್ವೆ ಅತ್ತೆ?"

"ನಿಂದೇ ಕಣೇ! ಮೊಗ್ಗಿನ ಜಡೆ ಮುಡ್ಕಂಡು ನಿಂತಿದ್ದೀಯಲ್ಲ ಫೋನಲ್ಲಿ!"

ನಾಗಮಣಿ ವೆಬ್‌ಸೈಟು ತೆರೆದಳು. ಬಾಗಿಲ ಬೆಳಕಿಗೆ ನಡೆದು ಹೋಗುತ್ತಿರುವ ಹುಡುಗಿಯ ಬೆನ್ನು. ಮೊಗ್ಗು ನಲುಗದಿರಲೆಂದು ಕಟ್ಟಿದ ಜಡೆಯನ್ನು ಕೈಯಲ್ಲಿ ಹಿಡಿಯದೆ, ದಾರವನ್ನು ಹೆಗಲ ಮೇಲೆ ಹಿಡಿದು ಬೆನ್ನಿಗೆ ಇಳಿಬಿಟ್ಟು ದಿಂಡಿನವರೆಗೆ ಒಯ್ಯುವುದು ಅಜ್ಜಿ ಕಲಿಸಿದ ಪದ್ಧತಿ. ಫೋಟೋದಲ್ಲಿ ಅದು ಥೇಟು ಮುಡಿದ ಜಡೆ! ಮುಖವಿಲ್ಲದಿದ್ದರೇನು, ಊರಿನ ಹೆಂಗಸರಿಗೆ ನಾಗಮಣಿಯ ನಡಿಗೆ ಗೊತ್ತಿರಲಿಲ್ಲವೇ?

ಅಷ್ಟರಲ್ಲಿ ಯಲಿಯೂರಿನ ಮದುವೆ ಮನೆಯಿಂದ ಫೋನು ಬಂತು. "ನೀನೇ ಮದ್ವೆ ಎಣ್ಣಾದ್ಮೇಲೆ ನಮ್ಗ್ಯಾರವ್ವ ಕಟ್ಟೋರು? ಬೇರೆ ಕಡೆ ಯೋಳ್ಬುಟ್ವಿ." ಮಧ್ಯಾಹ್ನದ ಹೊತ್ತಿಗೆ ಇನ್ನೊಂದು ಮನೆಯವರೂ ಅದನ್ನೇ ಹೇಳಿದರು.

ಅಜ್ಜಿಯ ಹೆಸರು... ಅದೊಂದನ್ನು ಉಳಿಸಿಕೊಳ್ಳಲು ತಾನೇ ಇಷ್ಟೆಲ್ಲ?

ಸುದ್ದಿ ಕೇಳಿ ಸಂಜೆ ಓಡೋಡಿ ಬಂದ ಚಲುವರಾಜುವಿಗೆ ಒಳಗೆ ಬನ್ನಿ ಎನ್ನಲಿಲ್ಲ.

"ನಿಮಗೆ ಫೋಟೋ ಚಂದ ಬಂದ್ರೆ ಆಯ್ತು, ಅಲ್ವಾ? ನಮ್ ಕೆಲ್ಸ, ನಮ್ ಮಾನ ಏನಾದ್ರೆ ನಿಮಗೇನು? ಕೇಳ್ದೆ ಎಂಗ್ರೀ ಹಾಕಿದ್ರಿ?"

ಅವನು ಏನೋ ಹೇಳಹೊರಟು ನುಂಗಿಕೊಂಡ.

"ನಂದೇ ತಪ್ಪು," ಎಂದಷ್ಟೇ ಹೇಳಿ ಹಿಂತಿರುಗಿದ.

ಅವನು ತಿರುವು ದಾಟುವವರೆಗೂ ಅವಳು ಬಾಗಿಲಲ್ಲೇ ನಿಂತಿದ್ದಳು. 'ಒಂದು ಸಲ ತಿರುಗಿ ನೋಡಬಾರದಾ...'

ನೋಡಲಿಲ್ಲ.

---

ಅಂದೇ ಮುಖಪುಟ ಬದಲಾಗಿತ್ತು. ಹಸಿರು ಸೀರೆಯ ಬಾಳೆದಿಂಡು! ಕೆಳಗೆ ದಪ್ಪಕ್ಷರದಲ್ಲಿ, 'ನಾಗಮಣಿಯವರು ಎಂದಿನಂತೆ ಜಡೆ ಕಟ್ಟುತ್ತಾರೆ. ಹಳೆಯ ಚಿತ್ರದಿಂದಾದ ಗೊಂದಲ ವೆಬ್‌ಸೈಟು ಮಾಡಿದವನ ತಪ್ಪು.' ಜನ ನಕ್ಕರು, ದಿಂಡಿನ ಚಿತ್ರವನ್ನು ಒಬ್ಬರಿಗೊಬ್ಬರು ಕಳಿಸಿದರು. ನಿಧಾನವಾಗಿ ಆರ್ಡರುಗಳು ಮರಳಿ ಬಂದವು.

ಬರದೆ ಉಳಿದವನು ಅವನೊಬ್ಬನೇ.

ಅವಳು ಹೊಸ ಜಡೆಗಳ ಫೋಟೋ ತಾನೇ ತೆಗೆದು ಕಳಿಸುತ್ತಿದ್ದಳು. ಮರುಗಳಿಗೆಯೇ ವೆಬ್‌ಸೈಟಿನಲ್ಲಿ ಕಾಣುತ್ತಿದ್ದವು. ಒಂದು ಮಾತಿಲ್ಲ, ಕತೆಯಿಲ್ಲ. ಬೇಕೆಂದೇ ಮಸುಕಾದ ಫೋಟೋ ಕಳಿಸಿದಳು. 'ಈಗಲಾದರೂ ಬೈಯಲಿ, ಸೈಜು ಸರಿಯಿಲ್ಲ ಅನ್ನಲಿ...' ಮಸುಕು ಫೋಟೋ ಮಸುಕಾಗಿಯೇ ವೆಬ್‌ಸೈಟಿಗೆ ಹೋಯಿತು!

ಈ ನಡುವೆ ಅಜ್ಜಿಯದೊಂದು ವಿಚಿತ್ರ. "ಮೊಗ್ಗು ಒಸಿ ಜಾಸ್ತೀನೆ ತರ್ಸು," ಎನ್ನುತ್ತಿದ್ದಳು. ನಾಗಮಣಿ ಮಂಡ್ಯಕ್ಕೆ ಜಡೆ ಮುಡಿಸಲು ಹೋಗಿ ಬರುವಷ್ಟರಲ್ಲಿ ಆ ಹೆಚ್ಚಿನ ಮೊಗ್ಗು ಮಾಯ. ಒಂದು ದಿನ ಹಿತ್ತಲ ಬಾಳೆಯ ದಿಂಡೊಂದೂ ಮಾಯ.

"ಎಲ್ಲೋಯ್ತಜ್ಜಿ?"

"ದನ ತಿಂದಿರ್ಬೇಕು."

"ನಮ್ಮನೇಲಿ ದನ ಎಲ್ಲೈತೆ?"

ಅಜ್ಜಿ ಎಲೆಅಡಿಕೆ ಕುಟ್ಟುವುದನ್ನು ನಿಲ್ಲಿಸಿದಳು. ಮಂಜುಗಣ್ಣು ಮೊಮ್ಮಗಳತ್ತ ತಿರುಗಿತು.

"ಲೇ ಮಣಿ, ಅವತ್ತು ಆ ಉಡ್ಗುನ್ನ ಕೇಳ್ದೆ ಆಕ್ದ ಅಂತ ಬೈದ್ಯಲ್ಲ. ಕೇಳ್ದ ಕಣೇ ಅವ್ನು. ನಾ ಇಲ್ಲೇ ಕುಂತಿದ್ದೆ. ನೀನು ದಾರ ಕಚ್ಕಂಡು ತಲೆ ಆಡಿಸ್ದೆ."

ನಾಗಮಣಿಗೆ ಆ ಬೆಳಗು ನೆನಪಾಯಿತು. ಮುಂದೆ ಚಾಚಿದ್ದ ಮೊಬೈಲು... ನೋಡದ ತನ್ನ ಕಣ್ಣು...

"ಮತ್ತೆ... ಯಾಕಜ್ಜಿ ಅವ್ರು ಹೇಳ್ಲಿಲ್ಲ?"

"ನಿನ್ ಮಾತು ಸುಳ್ಳಾಯ್ತದೆ ಅಂತ. ಓಗು, ಮದ್ದೂರ್ ಬಸ್ಸು ಇನ್ನೂ ಐತೆ."

---

ಅಂಗಡಿಯ ಬಾಗಿಲು ತೆರೆದೇ ಇತ್ತು. ಈ ಸಲ ಅವಳು ಕೂಗಲಿಲ್ಲ.

ಫ್ಲೆಕ್ಸಿನ ಸುರುಳಿಗಳ ನಡುವೆ, ಹಳೆಯ ಟವೆಲ್ಲು ಹೊದ್ದು ನಿಂತಿತ್ತು ಕಾಣೆಯಾದ ಬಾಳೆದಿಂಡು! ಅದರ ಬೆನ್ನ ಮೇಲೊಂದು ಮೊಗ್ಗಿನ ಜಡೆ. ಮೇಲೆ ದಪ್ಪ, ನಡುವೆ ಸಣಕಲು, ಕೆಳಗೆ ಎಡಕ್ಕೆ ವಾಲಿದೆ. ಅದರ ಮುಂದೆ ಕುಳಿತು, ಕಣ್ಣು ಕಿರಿದು ಮಾಡಿಕೊಂಡು ಸೂಜಿಗೆ ದಾರ ಪೋಣಿಸುತ್ತಿದ್ದ ಚಲುವರಾಜು.

"ಒದ್ದೆ ಮಾಡಿ ಪೋಣಿಸ್ಬೇಕು," ಎಂದಳು.

ಅವನು ಬೆಚ್ಚಿ ಎದ್ದ. ಸೂಜಿ ಬಿತ್ತು.

"ನೀವು... ಇಲ್ಲಿ..."

"ಅಜ್ಜಿ ಹತ್ರ ಕಲೀತಿದ್ರಾ? ನಾನಿಲ್ದಾಗ ಬಂದು?"

ಅವನು ತಲೆ ತಗ್ಗಿಸಿದ. "ಅಜ್ಜಿ ಹೇಳಿದ್ರಲ್ಲ, ಕಟ್ಟೋರಿಗೆ ಇನ್ನೊಬ್ರು ಕಟ್ಬೇಕು ಅಂತ. ಅವತ್ತು ನೀವು ಮೊರದ ಕಡೆ ಮುಖ ತಿರುಗಿಸ್ಕೊಂಡ್ರಿ. ನನಗೆ ಅದೇ ಕಣ್ಮುಂದೆ ಬರ್ತಿತ್ತು. ಕಟ್ಟೋರು ಇಲ್ಲ ಅಂತ ನೀವು ಮೊಗ್ಗಿಲ್ದ ಬರೀ ಜಡೇಲಿ ಮದ್ವೆ ಆಗಬಾರ್ದು... ನೀವು ಯಾರನ್ನ ಮದ್ವೆ ಆದ್ರೂ ಸರಿ, ಜಡೆ ಒಂದು ನಾನು..."

ಅವಳ ಕಣ್ಣು ತುಂಬಿ ಬಂತು. ಅವನ ಬೆರಳು ಹಿಡಿದು ನೋಡಿದಳು. ತುದಿಯ ತುಂಬ ಸೂಜಿ ಚುಚ್ಚಿದ ಕಲೆ.

"ನಾ ತಲೆ ಆಡಿಸಿದ್ದೆ ಅಂತ ಅವತ್ತೇ ಯಾಕ್ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಇನ್ನೂ ನೊಂದ್ಕೋತಿದ್ರಿ."

"ಅದೇ ಫೋಟೋನೇ ಯಾಕೆ ಆರಿಸಿದ್ರಿ?"

"ಅಜ್ಜಿ ಮುಖ ಬೇಡ ಅಂದಿದ್ರು. ತೆಗೆದದ್ದೆಲ್ಲ ನಿಮ್ಮ ಬೆನ್ನು, ನಿಮ್ಮ ಕೈ... ನೋಡ್ತಾ ನೋಡ್ತಾ, ಸಂತೇಲಿ ಬೆನ್ನು ತಿರುಗಿಸಿ ನಿಂತ್ರೂ ನಿಮ್ಮನ್ನ ಕಂಡುಹಿಡಿಯೋ ಹಾಗಾಗ್ಬಿಟ್ಟಿದೀನಿ ನಾಗಮಣಿ."

ಮೊದಲ ಸಲ ಅವನು ಅವಳ ಹೆಸರು ಹಿಡಿದು ಕರೆದಿದ್ದ. ಅಜ್ಜಿಯ ಕತೆಯ ರಾಜನ ಮಗಳು ಅಂದು ತಿರುಗಿ ನಿಂತು ಏನು ಹೇಳಿದಳೆಂದು ಅಜ್ಜಿ ಎಂದೂ ಹೇಳಿರಲಿಲ್ಲ. ಅದನ್ನು ಈಗ ತಾನೇ ಹೇಳಬೇಕಿತ್ತು.

"ಯಾರನ್ನ ಮದ್ವೆ ಆದ್ರೂ ಸರಿ ಅಂದ್ರಲ್ಲ... ಜಡೆ ಕಟ್ಟೋಕೆ ಒಬ್ರು, ತಾಳಿ ಕಟ್ಟೋಕೆ ಇನ್ನೊಬ್ರು ಅಂತ ನಾನು ಇಬ್ರನ್ನ ಎಲ್ಲಿ ಹುಡುಕ್ಲಿ? ಎರಡೂ ನೀವೇ ಕಟ್ರಿ."

ಅವನದು ನಗಬೇಕೋ ಅಳಬೇಕೋ ತಿಳಿಯದ ಮುಖ.

"ಜಡೆ ಸೊಟ್ಟ ಐತೆ," ಎಂದಳು ಕಣ್ಣೊರೆಸಿಕೊಳ್ಳುತ್ತ.

"ಗೊತ್ತು. ಮದ್ವೆ ಹೊತ್ತಿಗೆ ನೆಟ್ಟಗೆ ಮಾಡ್ತೀನಿ."

"ಬ್ಯಾಡ. ಸೊಟ್ಟನೇ ಇರ್ಲಿ. ನೀವ್ ಕಟ್ಟಿದ್ದು ಅಂತ ಗೊತ್ತಾಗ್ಬೇಕು."

"ಮತ್ತೆ ಮುಖಪುಟಕ್ಕೆ?"

"ಸದ್ಯಕ್ಕೆ ಬಾಳೆದಿಂಡೇ ಇರ್ಲಿ, ಪಾಪ. ಮದ್ವೆ ಆದ್ಮೇಲೆ ಹೊಸ ಫೋಟೋ ಹಾಕೋಣ." ನೆಲದಲ್ಲಿ ಬಿದ್ದಿದ್ದ ಸೂಜಿಯನ್ನು ಎತ್ತಿ ಅವನ ಕೈಗಿಟ್ಟಳು. "ಹಾಕೋ ಮುಂಚೆ ಒಂದ್ಸಲ ಕೇಳಿ. ಈ ಸಲ ನೋಡಿ ತಲೆ ಆಡಿಸ್ತೀನಿ."