ಮ ಅಕ್ಷರದ ಊರು

ರಸ್ತೆ ಅಗಲ ಮಾಡಲೆಂದು ಆ ಊರಿನ ಅಂಗಡಿಬೀದಿಯ ಒಂದು ಸಾಲನ್ನು ಪೂರ್ತಿ ಒಡೆದುಹಾಕಿದರು. ಅಂಗಡಿಯವರಿಗೆ ಹಿಂದಿನ ಸಂಜೆ ತಿಳಿಸಿದ್ದರು.

ಇವರಿಬ್ಬರು ತಮ್ಮ ತಮ್ಮ ಬೈಕಿನಲ್ಲಿ ಬಂದದ್ದು ಅದಾದ ಮರುವಾರ. ಇಟ್ಟಿಗೆರಾಶಿಯ ಮುಂದೆ ಬೈಕು ನಿಲ್ಲಿಸಿ ಅವಳು ಹೆಲ್ಮೆಟ್ ತೆಗೆದಳು. ಹಣೆಯ ಮೇಲೆ ಧೂಳು ಗೆರೆ ಎಳೆದಿತ್ತು. ಅವನು ಅದನ್ನು ನೋಡಿದ. ನೋಡಿದ್ದು ಅವಳಿಗೆ ಗೊತ್ತಾಯಿತು. ಗೊತ್ತಾದದ್ದು ಅವನಿಗೂ ತಿಳಿದು, ಕ್ಯಾಮೆರಾ ಚೀಲದ ಜಿಪ್ಪಿಗೆ ಕೈ ಹಾಕಿದ. ವರ್ಷಗಳಿಂದ ಇದೇ ಪಾಡು.

ಅವಳದು ಬೈಕ್ ಗ್ಯಾರೇಜು, ಅವನ ಬಾಯಲ್ಲಿ ಅವಳು ಮೇಸ್ತ್ರಿ. ಅವನದು ಅದರ ಎದುರಿನ ಸ್ಟುಡಿಯೋ. ಪಾಸ್‌ಪೋರ್ಟ್ ಅಳತೆಯ ಮುಖಗಳಲ್ಲೇ ಬದುಕು ಸವೆಸುತ್ತಿದ್ದವನು ಒಮ್ಮೆ ಚೈನ್ ಬಿಗಿ ಮಾಡಿಸಲು ಬಂದು, ಸಣ್ಣ ಊರುಗಳನ್ನೆಲ್ಲ ವರ್ಣಮಾಲೆಯ ಕ್ರಮದಲ್ಲಿ ಸುತ್ತಿ ಫೋಟೊ ತೆಗೆಯುವ ಹುಚ್ಚನ್ನು ಅವಳಿಗೂ ಅಂಟಿಸಿದ್ದ. ಅ ಮುಗಿಯದೆ ಆ ಇಲ್ಲ. ದಾರಿಯಲ್ಲೇ ಸಿಕ್ಕುವ ಊರಾದರೂ ಅದರ ಅಕ್ಷರ ಬರುವ ತನಕ ಕ್ಯಾಮೆರಾ ಹೊರಬರಕೂಡದು. ಹೀಗಾಗಿ ಒಂದು ಊರಿನಿಂದ ಮುಂದಿನ ಊರಿಗೆ ಎಂದರೆ ನಾಡಿನ ಈ ತುದಿಯಿಂದ ಆ ತುದಿ. ಪ್ರತಿ ಫೋಟೊದಲ್ಲೂ ಒಂದು ಬೀದಿ, ಒಂದು ಬೈಕು, ಪಕ್ಕದಲ್ಲಿ ಒಬ್ಬರು. ಒಬ್ಬರು ನಿಂತರೆ ಇನ್ನೊಬ್ಬರು ತೆಗೆಯುವುದು. ಟೈಮರ್ ಇಟ್ಟು ಓಡಿ ಬರಬಹುದಿತ್ತು. ಆದರೆ ಹಾಗೆ ಮಾಡಿದರೆ ಒಬ್ಬರ ಪಕ್ಕ ಒಬ್ಬರು ನಿಲ್ಲಬೇಕಾಗುತ್ತಿತ್ತು.

ಅವಳಿಗೆ ಸಾಕಾಗಿತ್ತು. ಸೊಂಟಕ್ಕೆ ಸಾಕಾಗಿತ್ತು, ಮಣಿಕಟ್ಟಿಗೆ ಸಾಕಾಗಿತ್ತು, ಕಾಯುವುದಂತೂ ಸಾಕೋ ಸಾಕಾಗಿತ್ತು. ಈ ಊರು ಮುಗಿಸಿ ಬೈಕು ಮಾರುತ್ತೇನೆ, ಮುಂದಿನದಕ್ಕೆ ಬರುವುದಿಲ್ಲ ಎಂದು ಬೆಳಗ್ಗೆ ಪೆಟ್ರೋಲ್ ಹಾಕಿಸುವಾಗ ಹೇಳಿಬಿಟ್ಟಿದ್ದಳು. ಅವನು, ಇಂಜಿನ್ ಚೆನ್ನಾಗಿದೆ, ಬೇಗ ಮಾರಿಹೋಗುತ್ತೆ ಎಂದಿದ್ದ. ಸ್ಪ್ಯಾನರ್ ತೆಗೆದು ತಲೆಗೊಂದು ಬಿಗಿಯಬೇಕೆನಿಸಿತ್ತು ಅವಳಿಗೆ.

ಈ ಊರನ್ನು ಅವರು ಮೊದಲೂ ಹಾದುಹೋಗಿದ್ದರು. ಕ ಅಕ್ಷರದ ಊರುಗಳಿಗೆ ಅಲೆಯುತ್ತಿದ್ದಾಗ ಅವಳ ಜಾಕೆಟ್ಟಿನ ತೋಳು ಹರಿದು, ಈ ಸಾಲಿನ ದರ್ಜಿ ಅಜ್ಜಿ ಹೊಲಿದುಕೊಟ್ಟಿದ್ದಳು. ಬಾಗಿಲ ಚೌಕಟ್ಟಿಗೆ ತೂಗುಬಿಟ್ಟ ಅಳತೆಪಟ್ಟಿ, ನೀಲಿ ಗೋಡೆಯ ಮೇಲೆ ಇಳಿಬಿಸಿಲು. ಅವನ ಕೈ ಕ್ಯಾಮೆರಾದವರೆಗೆ ಹೋಗಿ ಹಿಂದೆ ಬಂದಿತ್ತು. ಮ ಬರಲಿ ಅಜ್ಜಿ, ಆಗ ತೆಗೀತೀನಿ ಅಂದಿದ್ದ. ಅಜ್ಜಿ ಹಲ್ಲಿನಲ್ಲಿ ದಾರ ಕಡಿದು, ಅಕ್ಷರ ಬರೋ ತನಕ ನಾವು ಇರಬೇಕಲ್ಲಪ್ಪ ಅಂದಿದ್ದಳು.

ಅಜ್ಜಿ ಇದ್ದಳು. ಅಂಗಡಿ ಇರಲಿಲ್ಲ. ಮುರಿದ ಜಗಲಿಯ ಉಳಿದ ತುಂಡಿನ ಮೇಲೆ ಹೊಲಿಗೆ ಮೆಷಿನ್ ಇಟ್ಟುಕೊಂಡು, ಮೇಲೊಂದು ಟಾರ್ಪಾಲು ಕಟ್ಟಿಕೊಂಡು, ಯಾರದೋ ಅಂಗಿಗೆ ಗುಂಡಿ ಹಾಕುತ್ತಿದ್ದಳು. ಬದಲಿ ಜಾಗ ತೋರಿಸುವ ತನಕ ಏಳುವುದಿಲ್ಲ ಎಂದು ಕೂತವಳು ಇವಳೊಬ್ಬಳೇ. ರಸ್ತೆಗೆ ನಕ್ಷೆ ಬರೆಯುವವರ ಮನೆಮುಂದೆ ರಸ್ತೆ ಎಂದೂ ಅಗಲವಾಗುವುದಿಲ್ಲ.

"ಬಂದ್ರಾ?" ಅಂದಳು ಅಜ್ಜಿ. "ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕೋಕೆ."

ಅವನು ನೀಲಿ ಬಣ್ಣ ಅಂಟಿದ್ದ ಇಟ್ಟಿಗೆಯೊಂದನ್ನು ಎತ್ತಿಕೊಂಡು, ಎಲ್ಲಿಡಬೇಕೆಂದು ತಿಳಿಯದೆ ನಿಂತ. ಅವನು ಇಷ್ಟು ಸೋತದ್ದನ್ನು ಅವಳು ಕಂಡಿರಲಿಲ್ಲ.

"ಅವತ್ತೇ ತೆಗೀಬೇಕಿತ್ತು ಮೇಸ್ತ್ರಿ. ಎದುರಿಗೇ ಇತ್ತು."

"ಎದುರಿಗಿರೋದು ಎಲ್ಲಿಗೆ ಹೋಗುತ್ತೆ ಅಂದ್ಕೊಂಡ್ರಿ. ಎದುರಿನ ಗ್ಯಾರೇಜಿನ ಬಗ್ಗೆನೂ ಹಾಗೇ ಅಂದ್ಕೊಂಡ್ರಿ."

ಅವನು ಇಟ್ಟಿಗೆ ಕೆಳಗಿಟ್ಟ. ಕೈಯ ಧೂಳನ್ನು ಪ್ಯಾಂಟಿಗೆ ಒರೆಸಿದ. ಮತ್ತೆ ಒರೆಸಿದ.

"ಹ ಮುಗಿದ ದಿನ ಹೇಳೋಣ ಅಂತಿದ್ದೆ."

"ಏನು?"

"ಗೊತ್ತಿದ್ದೂ ಕೇಳ್ತೀರಲ್ಲ."

"ಗೊತ್ತಿರೋದು ಬೇರೆ, ಕಿವಿಗೆ ಬೀಳೋದು ಬೇರೆ ಸ್ಟುಡಿಯೋ ಸಾಹೇಬ್ರೆ."

ಅಜ್ಜಿ ಗುಂಡಿ ಹಾಕುವುದನ್ನು ನಿಲ್ಲಿಸಿದ್ದಳು. ಅವನು ತಗ್ಗಿದ ದನಿಯಲ್ಲಿ ಹೇಳಿದ.

"ಬೈಕು ಮಾರಬೇಡಿ. ಇಂಜಿನ್ ಚೆನ್ನಾಗಿದೆ ಅಂತಲ್ಲ. ಹಿಂದೆ ನಿಮ್ಮ ಬೈಕಿನ ಸದ್ದು ಇಲ್ಲ ಅಂದ್ರೆ ನನಗೆ ಯಾವ ರಸ್ತೆನೂ ಬೇಡ. ನೀವು ಬೇಕು. ಉಳಿದ ಅಕ್ಷರ ಏನಾದ್ರೂ ಹಾಳಾಗಿ ಹೋಗ್ಲಿ."

ಅವಳು ಹಣೆಯ ಗೆರೆ ಒರೆಸಿಕೊಳ್ಳಲು ಕೈ ಎತ್ತಿದಳು. ಅವನು ಅದನ್ನೇ ನೋಡುತ್ತಿದ್ದ. ನೋಡಿಕೊಳ್ಳಲಿ ಎಂದು ಕೈ ಇಳಿಸಿದಳು.

"ಟೈಮರ್ ಇಡಿ," ಅಂದಳು. "ಅಜ್ಜಿನೂ ಇರಲಿ, ಈ ಕಲ್ಲು ಮಣ್ಣೂ ಇರಲಿ."

ಅವನು ಕ್ಯಾಮೆರಾವನ್ನು ಇಟ್ಟಿಗೆಗಳ ಮೇಲೆ ಕೂರಿಸುವಷ್ಟರಲ್ಲಿ ರಸ್ತೆ ಕೆಲಸದ ಸೂಪರ್‌ವೈಸರ್ ಬಂದ. ಹಿಂದೆ ಬುಲ್ಡೋಜರ್ ಗುರುಗುಟ್ಟುತ್ತಿತ್ತು. ಬಂದವನೇನೂ ಒರಟನಲ್ಲ. ಈ ಕಸದ ಫೋಟೊ ಯಾಕೆ ತೆಗೆಯುತ್ತೀರಿ, ಆ ಕಡೆ ಹೊಸ ಟಾರು ಹಾಕಿದ್ದೇವೆ, ಅಲ್ಲಿ ಫೋಟೊ ಚೆನ್ನಾಗಿ ಬರುತ್ತೆ ಎಂದ. ಓದಿದವರ ಹಾಗೆ ಕಾಣುತ್ತೀರಿ, ಈ ಮುದುಕಿಗೆ ನೀವಾದರೂ ಬುದ್ಧಿ ಹೇಳಿ ಎಂದ. ಬೈಕು ಅಡ್ಡ ಇದ್ದರೆ ಗಾಡಿ ಒಳಗೆ ಬರುವುದಿಲ್ಲ ಎಂದೂ ಹೇಳಿದ.

ಬೈಕು ಅಡ್ಡ ಇದ್ದರೆ ಬರುವುದಿಲ್ಲ ಎಂಬುದು ಅವಳಿಗೆ ಆಗಲೇ ಹೊಳೆದದ್ದು. ಅವಳು ತನ್ನ ಕೀ ಕಿತ್ತು ಅಜ್ಜಿಯ ಗುಂಡಿ ಡಬ್ಬಿಯೊಳಗೆ ಹಾಕಿದಳು. ಅವನ ಕೀಯೂ ಅದರ ಮೇಲೆ ಬಿತ್ತು. ಟೈಮರ್ ಒತ್ತಿ ಓಡಿ ಬಂದವನನ್ನು ತೋಳು ಹಿಡಿದು ಪಕ್ಕಕ್ಕೆ ಎಳೆದುಕೊಂಡಳು. ಎಲ್ಲ ಸುಸ್ತೂ ಸೇರಿ ಅವನ ಹೆಗಲಿಗೆ ಒರಗಿತು. ಇಬ್ಬರ ಮುಂದೆ ಅಜ್ಜಿ ಸೂಜಿಗೆ ದಾರ ಪೋಣಿಸುತ್ತಿದ್ದಳು.

"ಬೈಕ್ ತೆಗೀರಿ," ಅಂದ ಸೂಪರ್‌ವೈಸರ್.

ಕ್ಯಾಮೆರಾದ ಕೆಂಪು ದೀಪ ಮಿನುಗುತ್ತಿತ್ತು. ಅವಳು ಅದರ ಮೇಲಿನ ಕಣ್ಣು ಕೀಳಲಿಲ್ಲ.

"ತೆಗೆಯಲ್ಲ," ಅಂದಳು.